93ನೇ ನಂಬರಿನ ಹಬೆ ಬೋಗಿ: ಎಂಜಿನ್ ಯೂನಿಟ್ ಓಡಿತು

ನಾನು ಮಾಡುತ್ತಿರುವ ಹಳೆಯ ಹಬೆ ಬೋಗಿಯ ಪುಟ್ಟ ಮಾದರಿಗೆ ಎಂಜಿನ್ ಯೂನಿಟ್ ಮುಗಿಯಿತು. ನಾಲ್ಕು ಗಾಲಿ, ಎರಡು ಸಿಲಿಂಡರ್, ನೆಟ್ಟಗೆ ನಿಂತ ಒಂದು ಬಾಯ್ಲರ್. ಟೇಬಲ್ ಮೇಲಿನ ಹಳಿಯಲ್ಲಿ ತಾನಾಗಿಯೇ ಹೋಗಿ ಬರುತ್ತಿದೆ. ಬೋಗಿಯ ಮೈ ಮಾತ್ರ ಇನ್ನೂ ಬಿಳಿ ಪ್ಲಾಸ್ಟಿಕ್ ಶೀಟ್. ಬಣ್ಣ ಕಂಡಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ನಾನು ಮಾಡುತ್ತಿರುವುದು ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ಸ್ಟೀಮ್ ರೈಲ್‌ಮೋಟರಿನ ಮಾದರಿ. ಇದರಲ್ಲಿ ಎಂಜಿನ್ ಬೇರೆ, ಬೋಗಿ ಬೇರೆ ಅಂತಿಲ್ಲ. ಬೋಗಿಯ ಒಂದು ತುದಿಯಲ್ಲೇ ಬಾಯ್ಲರ್, ಅದರ ಆಚೆ ಪ್ರಯಾಣಿಕರು. 1903ರ ಅಕ್ಟೋಬರ್ 12ರಂದು ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಕಣಿವೆಯಲ್ಲಿ, ಚಾಲ್ಫರ್ಡ್ ಮತ್ತು ಸ್ಟೋನ್‌ಹೌಸ್ ನಡುವೆ ಮೊದಲ ಎರಡು ರೈಲ್‌ಮೋಟರ್‌ಗಳು ಓಡಾಟ ಶುರು ಮಾಡಿದವು. ಅಲ್ಲಿಗೆ ಟ್ರಾಮ್ ಬಂದು ಜನರನ್ನು ಸೆಳೆದುಕೊಂಡೀತು ಎನ್ನುವ ಭಯ ರೈಲ್ವೆಗಿತ್ತು. 1908ರೊಳಗೆ ಇಂಥವು 99 ತಯಾರಾದವು. ನನ್ನ 93ನೇ ನಂಬರ್ 1908ರದು. ನಿಜವಾದದ್ದು 70 ಅಡಿ ಉದ್ದ. ಅಡಿಗೆ 4 ಮಿ.ಮೀ. ಲೆಕ್ಕದಲ್ಲಿ ನನ್ನದು 28 ಸೆಂ.ಮೀ.

ಇದಕ್ಕಿಂತ ಹಳೆಯದನ್ನೇ ಮಾಡಬಹುದಿತ್ತಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಖಂಡಿತ ಇವೆ. ಲಂಡನ್ನಿನ ಬೋ ಪ್ರದೇಶದ ಫೇರ್‌ಫೀಲ್ಡ್ ಕಾರ್ಖಾನೆಯಲ್ಲಿ ವಿಲಿಯಂ ಬ್ರಿಡ್ಜಸ್ ಆಡಮ್ಸ್ 1847ರಲ್ಲೇ ಒಂದು ಪುಟ್ಟ ಹಬೆ ಗಾಡಿ ಮಾಡಿದ್ದ. ಮರುವರ್ಷ ಬ್ರಿಸ್ಟಲ್ ಅಂಡ್ ಎಕ್ಸೆಟರ್ ರೈಲ್ವೆಗಾಗಿ 48 ಜನ ಕೂರುವ 'ಫೇರ್‌ಫೀಲ್ಡ್' ಮಾಡಿದ. ನನಗೂ ಅದರ ಮೇಲೆ ಆಸೆಯಿದೆ. ಆದರೆ ಅದು ಓಡಿದ್ದು 7 ಅಡಿ ಅಗಲದ ಹಳಿಯ ಮೇಲೆ. ನನ್ನ ಸ್ಕೇಲಿಗೆ 28 ಮಿ.ಮೀ. ಅಗಲದ ಹಳಿ ಬೇಕು. ಮನೆಯಲ್ಲಿರುವುದು 16.5 ಮಿ.ಮೀ. ಒಂದು ಬೋಗಿಗಾಗಿ ಹಳಿಯನ್ನೂ ಕೈಯಲ್ಲೇ ಕಟ್ಟುವಷ್ಟು ತಾಳ್ಮೆ ಸದ್ಯಕ್ಕಿಲ್ಲ.

ಈಗ ಕೆಲಸಕ್ಕೆ ಬರೋಣ. ಮೋಟಾರ್ ಎಲ್ಲಿಡುವುದು ಎನ್ನುವುದೇ ದೊಡ್ಡ ತಲೆನೋವಾಗಿತ್ತು. ಬೋಗಿಯ ಉದ್ದಕ್ಕೂ ದೊಡ್ಡ ಕಿಟಕಿಗಳು. ಸೀಟುಗಳ ಮಧ್ಯೆ ಮೋಟಾರ್ ಕಂಡರೆ ಇಡೀ ಮಾದರಿ ಕೆಟ್ಟಂತೆಯೇ ಅಲ್ವಾ? ಉತ್ತರ ಆ ಬಾಯ್ಲರಿನಲ್ಲೇ ಇತ್ತು. ಅದು ನೆಟ್ಟಗೆ ನಿಂತ ಕೊಳವೆ. ಎನ್20 ಗೇರ್ ಮೋಟಾರ್ ಬರೀ 12 ಮಿ.ಮೀ. ಅಗಲ, 10 ಮಿ.ಮೀ. ದಪ್ಪ. ಬಾಯ್ಲರ್ ಒಳಗೆ ಲಂಬವಾಗಿ ಆರಾಮಾಗಿ ಕೂರುತ್ತದೆ. ಶಾಫ್ಟ್ ಕೆಳಮುಖವಾಗಿ ಬಂದು 10 ಹಲ್ಲಿನ ಚಿಕ್ಕ ಗೇರ್ ಮೂಲಕ ಆಕ್ಸಲ್ ಮೇಲಿನ 20 ಹಲ್ಲಿನ ಕ್ರೌನ್ ಗೇರನ್ನು (ಹಲ್ಲುಗಳು ಪಕ್ಕಕ್ಕೆ ಮುಖ ಮಾಡಿರುವ ಗೇರ್) ತಿರುಗಿಸುತ್ತದೆ.

ವೇಗದ ಲೆಕ್ಕ ಹೀಗೆ. ನಿಜವಾದ ಗಾಲಿ 4 ಅಡಿ, ನನ್ನದು 16 ಮಿ.ಮೀ. ಒಂದು ಸುತ್ತಿಗೆ ಸುಮಾರು 50 ಮಿ.ಮೀ. ಮುಂದೆ ಹೋಗುತ್ತದೆ. ಗಂಟೆಗೆ 30 ಮೈಲಿ ಎಂದರೆ ಈ ಸ್ಕೇಲಿನಲ್ಲಿ ಸೆಕೆಂಡಿಗೆ 176 ಮಿ.ಮೀ. ಗಾಲಿ ನಿಮಿಷಕ್ಕೆ 210 ಸುತ್ತು ತಿರುಗಬೇಕು, ಮೋಟಾರ್ 420. ಹಾಗಾಗಿ 6 ವೋಲ್ಟಿಗೆ 500 ಸುತ್ತಿನ ಮೋಟಾರ್ ತಂದೆ. ಜಾಸ್ತಿ ಸುತ್ತಿನದು ತಂದರೆ ಸ್ಟೇಷನ್ ಬಿಡುವಾಗ ಕಪ್ಪೆ ಥರ ನೆಗೆಯುತ್ತದೆ.

ಹಿಂದಿನ ಮುಂದಿನ ಗಾಲಿಗಳನ್ನು ಜೋಡಿಸುವ ಕಪ್ಲಿಂಗ್ ರಾಡ್ ಕೂರಿಸುವುದು ಈ ಹಂತದ ಅತಿ ನಾಜೂಕು ಕೆಲಸ. ರಾಡ್ ಸಿಕ್ಕಿಸುವ ಎಡಗಡೆ ಗಾಲಿಯ ಪಿನ್ ಮೇಲಿದ್ದಾಗ ಬಲಗಡೆಯದು ಸರಿಯಾಗಿ ಕಾಲು ಸುತ್ತು ಮುಂದಿರಬೇಕು. ಎರಡೂ ಆಕ್ಸಲ್‌ಗಳಲ್ಲಿ ಅದೇ ಕೋನ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಪ್ರತಿ ಸುತ್ತಿಗೂ ಒಮ್ಮೆ ತಡವರಿಸುತ್ತದೆ. ಅಕ್ರಿಲಿಕ್ ತುಂಡಿನಲ್ಲಿ ಒಂದು ಜಿಗ್ (ಕೋನ ತಪ್ಪದಂತೆ ಹಿಡಿದಿಡುವ ಅಚ್ಚು) ಕೊರೆದುಕೊಂಡು, ಎರಡು ಪಿನ್ನುಗಳನ್ನೂ ಅದರ ತೂತಿಗೆ ಸಿಕ್ಕಿಸಿ, ಆಮೇಲೆ ಗಾಲಿ ಒತ್ತಿದೆ. ಹೊರಗಡೆ ಕಾಣುವ, ನಿಜವಾದದ್ದರಲ್ಲಿ ಸಿಲಿಂಡರಿಗೆ ಹಬೆ ಬಿಡುವ ವಾಲ್ವನ್ನು ಆಡಿಸುವ ವಾಲ್‌ಶಾರ್ಟ್ಸ್ ವಾಲ್ವ್ ಗೇರಿನ ಕಡ್ಡಿಗಳು ಸದ್ಯಕ್ಕೆ ಬರೀ ಅಲಂಕಾರ. ಹಳಿಯ ಕರೆಂಟನ್ನು ಹಿಂದಿನ ತುದಿಯ ಗಾಲಿಗಳಿಂದಲೂ ಎತ್ತುತ್ತಿದ್ದೇನೆ. ಎಂಜಿನ್ ಯೂನಿಟ್ಟಿನ ನಾಲ್ಕೇ ಗಾಲಿ ನಂಬಿಕೊಂಡರೆ ಹಳಿ ಕವಲೊಡೆಯುವ ಪ್ರತಿ ಪಾಯಿಂಟ್ಸ್ ಮೇಲೂ ನಿಂತುಬಿಡುತ್ತದೆ.

ಯೂನಿಟ್ ಪೂರ್ತಿಯಾಗಿ, ಬಾಯ್ಲರ್ ಸಮೇತ, ಒಂದೇ ಸ್ಕ್ರೂ ಬಿಚ್ಚಿದರೆ ಹೊರಗೆ ಬರುತ್ತದೆ. ಇದು ನನ್ನ ಜಾಣತನವಲ್ಲ, ಆ ರೈಲ್ವೆಯ ಸ್ವಿಂಡನ್ ಕಾರ್ಖಾನೆಯವರದು. ಎಂಜಿನ್ ಮತ್ತು ಬೋಗಿ ಒಂದೇ ಮೈಯಲ್ಲಿದ್ದರೆ ಒಂದು ಕೆಟ್ಟಾಗ ಇನ್ನೊಂದೂ ಶೆಡ್ಡಿನಲ್ಲಿ ಕೂರಬೇಕು. ಅದಕ್ಕೇ ಅವರು ಹೆಚ್ಚುವರಿ ಯೂನಿಟ್‌ಗಳನ್ನು ಮಾಡಿಟ್ಟುಕೊಂಡು ಬದಲಾಯಿಸುತ್ತಿದ್ದರು. ಆದರೂ ಎಲ್ಲ ತೊಂದರೆ ತೀರಲಿಲ್ಲ. ಪ್ರಯಾಣಿಕರು ಕೂರುವ ಬೋಗಿಯನ್ನು ಕಲ್ಲಿದ್ದಲ ಮಸಿಯ ಎಂಜಿನ್ ಶೆಡ್ಡಿನಲ್ಲೇ ನಿಲ್ಲಿಸಬೇಕಿತ್ತು. ಸಣ್ಣ ಹಾಲ್ಟ್‌ಗಳಲ್ಲೆಲ್ಲ ನಿಲ್ಲುತ್ತಿದ್ದರಿಂದ ಜನ ಮುಗಿಬಿದ್ದರು. ಒಂದು ಬೋಗಿ ಸಾಲಲಿಲ್ಲ, ಹಿಂದೆ ಇನ್ನೊಂದು ಕಟ್ಟಿದರೆ ಏರಿನಲ್ಲಿ ಏದುಸಿರು. ನನ್ನ ಪ್ರಕಾರ ರೈಲ್‌ಮೋಟರ್ ಸೋತದ್ದು ಜನ ಬಾರದೇ ಅಲ್ಲ, ಜಾಸ್ತಿ ಬಂದು. ಕೊನೆಗೆ ಸಣ್ಣ ಟ್ಯಾಂಕ್ ಎಂಜಿನ್ನಿಗೆ ಆಟೋಟ್ರೇಲರ್ (ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇರುವ) ಬೋಗಿ ಕಟ್ಟಿ ಓಡಿಸುವುದೇ ಮೇಲು ಅಂತಾಯಿತು.

93ಕ್ಕೂ ಅದೇ ಗತಿ. 1934ರಲ್ಲಿ ಎಂಜಿನ್ ಕಿತ್ತು 212ನೇ ನಂಬರಿನ ಟ್ರೇಲರ್ ಮಾಡಿದರು. ಬೋಗಿ ಉಳಿಯಿತು, ಎಂಜಿನ್ ಹೋಯಿತು. ಇಂಗ್ಲೆಂಡಿನ ರೈಲು ಮ್ಯೂಸಿಯಂ ಆದ ಡಿಡ್ಕಾಟ್ ರೈಲ್ವೆ ಸೆಂಟರಿನವರು ಹೊಸ ಎಂಜಿನ್ ಯೂನಿಟ್ಟನ್ನೇ ಕಟ್ಟಿಸಿ, 2011ರಲ್ಲಿ ಮತ್ತೆ ಹಬೆಯಲ್ಲಿ ಓಡಿಸಿದರು. ನಾನು 93ನ್ನೇ ಹಿಡಿದದ್ದು ಇದಕ್ಕೇ. ಮತ್ತೆ ಓಡಿದ ಗಾಡಿಯ ಫೋಟೊ, ವಿಡಿಯೊ ಎಷ್ಟು ಬೇಕಾದರೂ ಸಿಗುತ್ತವೆ.

ಮುಂದಿನ ಕೆಲಸ ಎಂಜಿನ್ ಇಲ್ಲದ ತುದಿಯ ಡ್ರೈವರ್ ಕ್ಯಾಬಿನ್. ಗಾಡಿ ತಿರುಗಿಸುವ ಗೋಜೇ ಬೇಡ ಅಂತ ಎರಡೂ ತುದಿಯಿಂದ ಓಡಿಸುತ್ತಿದ್ದರು, ನಮ್ಮ ಡೆಮು ರೈಲಿನ ಹಾಗೆ. ಡ್ರೈವರ್ ಆ ತುದಿಗೆ ಹೋದರೂ ಫೈರ್‌ಮನ್ ಬಾಯ್ಲರ್ ಪಕ್ಕದಲ್ಲೇ ಇರುತ್ತಿದ್ದ. ಇಬ್ಬರ ನಡುವೆ ಮಾತುಕತೆ ಗಂಟೆಯ ಸದ್ದಿನಲ್ಲಿ. ಆ ಕ್ಯಾಬಿನ್ನಿನ ಗಾಜಿನೊಳಗೆ ಹಬೆ ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್ ಹಿಡಿಕೆ ಕಾಣುವಂತೆ ಮಾಡಬೇಕು. 0.5 ಮಿ.ಮೀ. ಹಿತ್ತಾಳೆ ತಂತಿ ಸಾಕು ಅನಿಸುತ್ತದೆ.

ಬಣ್ಣದ ವಿಷಯಕ್ಕೆ ಮನೆಯಲ್ಲೇ ಎರಡು ಪಕ್ಷ. ಈ ರೈಲ್ವೆ ಅಂದರೆ ಎಲ್ಲರ ಕಣ್ಣಿಗೆ ಬರುವುದು ಚಾಕೊಲೇಟ್ ಮತ್ತು ಕೆನೆ ಬಣ್ಣ. ಡಿಡ್ಕಾಟಿನಲ್ಲಿ ಈಗ ಇರುವುದು 1912ರ ನಂತರದ ಕಡು ಕೆಂಪು. ನನ್ನ ಮತ ಕೆಂಪಿಗೆ. ಪ್ರೈಮರ್ ಹೊಡೆದಾಗಿದೆ ಅಂತ ಮುಂದಿನ ಸಲ ಬರೆದರೆ, ಯಾರು ಗೆದ್ದರು ಅಂತಲೂ ಬರೆಯುತ್ತೇನೆ.