ಆಷಾಢದಲ್ಲಿ ಕೂರಿಸಿದ ಗೇಟು

ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮ ಹೊಲಕ್ಕೆ ಗೇಟು ಕೂರಿಸಲು ನನಗೆ ಸಿಕ್ಕಿದ್ದು ಆಷಾಢವೇ. ತಲೆಯ ಮೇಲಿನ ಟೋಪಿ ಪಕ್ಕದ ಹೊಲಕ್ಕೆ ಹಾರುವ ಕಾಲ. ಅಂಗಡಿಯಲ್ಲಿ ಗ್ಯಾಸ್ ಸಿಲಿಂಡರ್ ಜೋಡಿಸಿ, ಯಂತ್ರವೇ ತಂತಿ ಉಣಿಸುವ ಮಿಗ್ ವೆಲ್ಡಿಂಗ್ ಮಾಡುವವನು ನಾನು. ಬಯಲಿನಲ್ಲಿ ಆ ಗ್ಯಾಸನ್ನು ಗಾಳಿ ಹೊತ್ತೊಯ್ಯುತ್ತದೆ, ಬೆಸುಗೆಯಲ್ಲಿ ತೂತು ಬೀಳುತ್ತದೆ. ಹಾಗಾಗಿ ಗ್ಯಾಸ್ ಬೇಡದ, ಗ್ಯಾಸಿನ ಬದಲು ತಾನೇ ಬೆಸುಗೆಯನ್ನು ಕಾಯುವ ಫ್ಲಕ್ಸ್ ಪುಡಿಯನ್ನು ಒಳಗೆ ತುಂಬಿದ 0.8 ಮಿ.ಮೀ. ತಂತಿಯ ಒಂದು ಕಿಲೋ ಸುರುಳಿ ತಂದಿದ್ದೆ. ಮಾಮೂಲಿ ವೆಲ್ಡಿಂಗ್ ರಾಡಿಗೆ ಈ ಫ್ಲಕ್ಸಿನ ಲೇಪ ಮೈಮೇಲೆ, ಈ ತಂತಿಗೆ ಹೊಟ್ಟೆಯೊಳಗೆ. ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ.

ತಂತಿ ಹೊರಬರುವ ಕೈಹಿಡಿ, ಅಂದರೆ ವೆಲ್ಡಿಂಗ್ ಟಾರ್ಚಿನ ಗುಂಡಿ ಒತ್ತಿದೆ. ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಕಿಡಿ ಸಿಡಿದು, ಹಿಂದಿನ ದಿನವಷ್ಟೇ ಬಣ್ಣ ಬಳಿದ ಕಂಬದ ತುಂಬ ಕಬ್ಬಿಣದ ಕಾಳು ಅಂಟಿತು. ಬೆಸುಗೆಯೋ, ಪೈಪಿನೊಳಗೆ ಇಳಿಯದೆ ಮೇಲೆಯೇ ಗಂಟುಗಂಟಾಗಿ ಕುಳಿತಿತ್ತು. ವೋಲ್ಟೇಜ್ ಏರಿಸಿದೆ, ಇಳಿಸಿದೆ. ತಂತಿ ಜಾರುತ್ತಿದೆಯೇನೋ ಎಂದು ಅದನ್ನು ತಳ್ಳುವ ರೋಲರ್ ಬಿಗಿ ಮಾಡಿದರೆ, ಪೊಳ್ಳು ತಂತಿ ಚಪ್ಪಟೆಯಾಗಿ ಟಾರ್ಚಿನ ತುದಿಯ ಟಿಪ್ಪಿನಲ್ಲಿ ಸಿಕ್ಕಿಕೊಂಡಿತು. ಇದಕ್ಕೆ ಹಲ್ಲಿರುವ ರೋಲರ್ ಹಾಕಿ ಹಗುರವಾಗಿ ಒತ್ತಬೇಕು. ಅದನ್ನೂ ಅಂದೇ ಕಲಿತೆ. ಕೊನೆಗೆ ಗಾಳಿಗೆ ಬೈದೆ.

ಬೇವಿನ ಮರದ ಕೆಳಗಿದ್ದ ಕಾಕಾ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿದರು: "ಗಾಳಿಗೆ ಹೆದರದ ತಂತಿ ಅಂತಲೇ ತಂದೆಯಲ್ಲ, ತಮ್ಮಾ?"

ಉತ್ತರವಿರಲಿಲ್ಲ. ಯಂತ್ರದ ಪಕ್ಕದ ಬಾಗಿಲು ತೆಗೆದೆ. ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಎಲ್ಲವೂ ಇತ್ತು: ಗ್ಯಾಸಿನ ತಂತಿಗೆ ಟಾರ್ಚ್ ಪ್ಲಸ್‌ನಲ್ಲಿ, ಗ್ಯಾಸಿಲ್ಲದ ಈ ತಂತಿಗೆ ಮೈನಸ್‌ನಲ್ಲಿ. ನಾನು ಅಂಗಡಿಯಲ್ಲಿದ್ದಂತೆಯೇ ಪ್ಲಸ್‌ನಲ್ಲಿ ಬಿಟ್ಟು ಬಂದಿದ್ದೆ. ಎರಡು ಕೇಬಲ್ ಅದಲುಬದಲು ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ. ಬೆಳಗಿನ ಹೊತ್ತೆಲ್ಲ ಹೋಗಿತ್ತು.

ಮತ್ತೆ ಹಚ್ಚಿದಾಗ ಸದ್ದೇ ಬೇರೆ. ಪಟಪಟ ಹೋಗಿ ಕಾದ ಎಣ್ಣೆಯಲ್ಲಿ ಬಜ್ಜಿ ಬೇಯುವ ಸದ್ದು. ಟಿಪ್ಪಿನಿಂದ ತಂತಿಯನ್ನು ಅರ್ಧ ಇಂಚಿನಷ್ಟು ಹೊರಗೆ ಬಿಟ್ಟು, ಟಾರ್ಚನ್ನು ಮುಂದಕ್ಕೆ ತಳ್ಳದೆ ನನ್ನ ಕಡೆಗೆ ಎಳೆಯುತ್ತ ಬಂದೆ. ಹೊಗೆ ಮಾತ್ರ ಗ್ಯಾಸಿನ ಕೆಲಸಕ್ಕಿಂತ ವಿಪರೀತ. ಅಲ್ಲಿ ಆಷಾಢದ ಗಾಳಿಯೇ ಉಪಕಾರ ಮಾಡಿತು. ಆರಿದ ಮೇಲೆ ಸುತ್ತಿಗೆಯ ಮೂತಿಯಿಂದ ಮೆಲ್ಲಗೆ ತಟ್ಟಿದರೆ ಕಿಟ್ಟ ಚಕ್ಕೆಯಾಗಿ ಎದ್ದಿತು. ಬ್ರಷ್ ಆಡಿಸಿದಾಗ ಕೆಳಗೆ ಸಣ್ಣ ಅಲೆಗಳ ನೇರ ಗೆರೆ.

ಮೊದಲಿನ ಗಂಟುಗಳನ್ನು ಉಜ್ಜಿ ತೆಗೆದು ಮತ್ತೆ ಬೆಸೆದೆ. ಕೆಳಗಿನ ತಿರುಗಣಿಯ ಹತ್ತಿರದ ಒಂದು ಉಳಿಯಿತು, ಅಷ್ಟರಲ್ಲಿ ಜನರೇಟರಿನ ಡೀಸೆಲ್ ಮುಗಿದಿತ್ತು. ಕಾಕಾ ಈಗಲೂ ಗೇಟು ತೆಗೆಯುವ ಮೊದಲು ಬಗ್ಗಿ ಅದನ್ನೊಮ್ಮೆ ನೋಡುತ್ತಾರೆ.