ಭಕ್ತೆಯಲ್ಲದವಳು ಗುರುಗಳ ಶಿಬಿರದಲ್ಲಿ

ಗುರುಗಳ ಶಿಬಿರಕ್ಕೆ ಹೋಗುವವರೆಲ್ಲ ಅವರ ಭಕ್ತರೇ ಇರಬೇಕು ಅಂತ ಹೊರಗಿದ್ದವರಿಗೆ ಅನ್ನಿಸುತ್ತದೆ. ಒಳಗೆ ಹೋಗಿ ಕೂತರೆ ಗೊತ್ತಾಗುತ್ತದೆ, ಹೆಂಡತಿಯ ಜೊತೆ ಬಂದ ಗಂಡ, ವಯಸ್ಸಾದ ಅಮ್ಮನನ್ನು ಕರೆತಂದ ಮಗ, ಯಾವುದೋ ದುಃಖ ತಡೆಯಲಾರದೆ ಬಂದವರು, ನೋಡೋಣ ಏನಿದೆ ಅಂತ ಬಂದವರು, ಎಲ್ಲರೂ ಅಲ್ಲಿರುತ್ತಾರೆ. ನಾನು ಹೋದದ್ದು ಅಕ್ಕನಿಗೋಸ್ಕರ. ಅವಳು ಆ ಗುರುಗಳಿಂದ ಮಂತ್ರದೀಕ್ಷೆ ತೆಗೆದುಕೊಂಡು ಬಹಳ ವರ್ಷವಾಯಿತು. ಜಪ ಮಾಡದೆ ಅವಳ ದಿನ ಶುರುವಾಗುವುದಿಲ್ಲ. ನನಗೂ ದೇವರಲ್ಲಿ ನಂಬಿಕೆ ಇದೆ, ದೇವಸ್ಥಾನಕ್ಕೆ ಹೋದರೆ ಕಣ್ಣು ತುಂಬಿ ಬರುತ್ತದೆ. ಆದರೆ ನಮ್ಮ ಹಾಗೇ ಉಸಿರಾಡುವ ಒಬ್ಬ ಮನುಷ್ಯರನ್ನು ಗುರು ಅಂತ ಒಪ್ಪಿಕೊಂಡು, ನನ್ನ ಭಾರವೆಲ್ಲ ನಿಮ್ಮದು ಎಂದು ಅವರ ಮುಂದೆ ಇಟ್ಟುಬಿಡುವುದು ನನ್ನಿಂದ ಇವತ್ತಿಗೂ ಆಗಿಲ್ಲ.

ಹಾಗಿದ್ದರೆ ಅಲ್ಲಿ ನನಗೇನು ಕೆಲಸ? ಹೊರಡುವ ಮೊದಲು ಇದೇ ಪ್ರಶ್ನೆ ಕಾಡಿತು. ನಂಬಿಕೆ ಇಲ್ಲದೆ ಹೋಗಿ ನಂಬಿದವರ ನಡುವೆ ಕೂರುವುದು ಅವರಿಗೆ ಮಾಡುವ ಅವಮಾನ ಆಗುತ್ತದಾ ಅಂತ.

ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಗೀತೆಯಲ್ಲಿ. ಏಳನೇ ಅಧ್ಯಾಯದ 16ನೇ ಶ್ಲೋಕದಲ್ಲಿ ಕೃಷ್ಣ ತನ್ನನ್ನು ಭಜಿಸುವವರು ನಾಲ್ಕು ಬಗೆ ಎನ್ನುತ್ತಾನೆ. ಕಷ್ಟದಲ್ಲಿರುವವನು, ತಿಳಿಯಬೇಕು ಅನ್ನುವವನು, ಏನಾದರೂ ಬೇಕು ಎಂದು ಬರುವವನು, ಜ್ಞಾನಿ. ಎರಡನೆಯವನನ್ನು ಜಿಜ್ಞಾಸು ಎಂದು ಕರೆದಿದ್ದಾನೆ. ಅವನಿಗಿನ್ನೂ ಪೂರ್ತಿ ಗೊತ್ತಿಲ್ಲ, ಗೊತ್ತಾಗಬೇಕು ಅನ್ನುವ ಆಸೆ ಮಾತ್ರ ಇದೆ. ಅಷ್ಟಕ್ಕೇ ಅವನನ್ನು ಪಟ್ಟಿಯೊಳಗೆ ಸೇರಿಸಿಕೊಂಡಿದ್ದಾನೆ. ಎರಡು ಶ್ಲೋಕ ಮುಂದೆ ಹೋದರೆ, ಜ್ಞಾನಿ ತನಗೆ ಆತ್ಮವೇ ಹೌದು, ಆದರೆ ಈ ನಾಲ್ವರೂ ಉದಾರರೇ, ಅಂದರೆ ಶ್ರೇಷ್ಠರೇ ಎನ್ನುತ್ತಾನೆ. ಇದನ್ನು ಓದಿದ ಮೇಲೆ ನನಗೆ ಎಷ್ಟು ಧೈರ್ಯ ಬಂತು ಅಂದರೆ, ಶಿಬಿರದ ಅರ್ಜಿಯಲ್ಲಿ ದೀಕ್ಷೆ ಆಗಿದೆಯಾ ಅಂತ ಕೇಳಿದ ಕಡೆ ಇಲ್ಲ ಎಂದು ಬರೆದು, ಪಕ್ಕದಲ್ಲೇ ಪಡೆಯುವ ಉದ್ದೇಶವೂ ಸದ್ಯಕ್ಕಿಲ್ಲ ಎಂದು ಸೇರಿಸಿದೆ. ಯಾರೂ ಆಕ್ಷೇಪ ಮಾಡಲಿಲ್ಲ.

ಅಲ್ಲಿನ ದಿನಚರಿ ನಿಮಗೆ ಗೊತ್ತಿರುವಂಥದ್ದೇ. ಬೆಳಕು ಹರಿಯುವ ಮೊದಲೇ ಎದ್ದು ಧ್ಯಾನ, ಆಮೇಲೆ ಪಾರಾಯಣ, ಪ್ರವಚನ, ಸೇವೆ, ಸಂಜೆ ಭಜನೆ, ಮಂಗಳಾರತಿ, ರಾತ್ರಿ ಮೌನ. ಮೊಬೈಲ್ ಕೋಣೆಯಲ್ಲೇ ಇಡಬೇಕು. ಮೌನದ ಹೊತ್ತಿನಲ್ಲಿ ಸನ್ನೆ ಮಾಡಿ ಮಾತಾಡುವುದೂ ಬೇಡ ಅಂತಾರೆ, ಅದು ಸರಿಯೇ. ಕೈಸನ್ನೆಯೂ ಮಾತೇ ತಾನೇ.

ಭಜನೆಯ ಹೊತ್ತು ನನಗೆ ಎಲ್ಲಕ್ಕಿಂತ ಸುಲಭವಾಗಿತ್ತು. ಅಲ್ಲಿ ಯಾರ ನಂಬಿಕೆ ಎಷ್ಟು ಅಂತ ಯಾರೂ ಅಳೆಯುವುದಿಲ್ಲ, ತಾಳ ಹಾಕಿದರೆ ಸಾಕು. ರಾಮ, ಕೃಷ್ಣ, ಶಿವ, ಅಮ್ಮನವರು ಎಲ್ಲರೂ ಬರುತ್ತಾರೆ. ಗುರುಗಳ ಹೆಸರಿನ ಹಾಡು ಬಂದಾಗ ನಾನು ಬಾಯಿ ಮುಚ್ಚಿ ಕೇಳುತ್ತಿದ್ದೆ. ಅದರಿಂದ ಪಕ್ಕದವರಿಗೆ ಬೇಸರವಾದ ಹಾಗೆ ಕಾಣಲಿಲ್ಲ, ಅವರ ಕಣ್ಣೇ ಮುಚ್ಚಿತ್ತು.

ಕಷ್ಟವಾದದ್ದು ನಮಸ್ಕಾರ.

ಗುರುವಿನ ಹತ್ತಿರ ಹೋಗುವ ಬಗೆಯನ್ನು ಗೀತೆಯ ನಾಲ್ಕನೇ ಅಧ್ಯಾಯ ಮೂರು ಮಾತಿನಲ್ಲಿ ಹೇಳುತ್ತದೆ: ಪ್ರಣಿಪಾತ, ಪರಿಪ್ರಶ್ನೆ, ಸೇವೆ. ಬಾಗುವುದು, ಬಿಡದೆ ಕೇಳುವುದು, ಕೈಯಾರೆ ದುಡಿಯುವುದು. ಈ ಮೂರರಲ್ಲಿ ಕೇಳುವುದು ನನಗೆ ಬರುತ್ತದೆ, ದುಡಿಯುವುದೂ ಬರುತ್ತದೆ. ಬಾಗುವುದು ಬರುವುದಿಲ್ಲ. ದರ್ಶನದ ಸಾಲಿನಲ್ಲಿ ನನ್ನ ಮುಂದಿದ್ದವರೆಲ್ಲ ಒಬ್ಬೊಬ್ಬರಾಗಿ ನೆಲಕ್ಕೆ ಬೀಳುತ್ತಿದ್ದರು. ವಯಸ್ಸಾದವರು, ಮಂಡಿ ನೋವಿದ್ದವರು ಕೂಡ. ಸಾಲು ಮುಂದೆ ಸರಿದ ಹಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ. ಬೀಳದಿದ್ದರೆ ಅಹಂಕಾರಿ ಅಂದುಕೊಳ್ಳುತ್ತಾರೆ, ಬಿದ್ದರೆ ಸುಳ್ಳಾಗುತ್ತದೆ.

ಆಗ ನೆನಪಾದದ್ದು ಸಾಷ್ಟಾಂಗ ನಮಸ್ಕಾರದ ಶ್ಲೋಕ. ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದು. ಎದೆ, ತಲೆ, ಕಣ್ಣು, ಮನಸ್ಸು, ಮಾತು, ಕಾಲು, ಕೈ, ಮಂಡಿ, ಈ ಎಂಟೂ ಸೇರಿದರೆ ಅಷ್ಟಾಂಗ. ಮನಸ್ಸು ಮತ್ತು ಮಾತು ಕೂಡ ಆ ಎಂಟರ ಲೆಕ್ಕದಲ್ಲೇ ಬರುತ್ತವೆ, ಗಮನಿಸಿದ್ದೀರಾ? ಮನಸ್ಸು ಬಾಗದೆ ಮೈ ಮಾತ್ರ ಬಿದ್ದರೆ ಎಂಟು ಪೂರ್ತಿಯಾಗುವುದಿಲ್ಲ. ನನ್ನ ಸರದಿ ಬಂದಾಗ ನಾನು ನಿಂತು, ಕೈ ಜೋಡಿಸಿ, ತಲೆ ಬಗ್ಗಿಸಿದೆ. ಹಿರಿಯರು ಎದುರಾದರೆ ನಾನು ಮನಸಾರೆ ಮಾಡುವ ನಮಸ್ಕಾರ ಅದು, ಅದರಲ್ಲಿ ಒಂಚೂರೂ ಸುಳ್ಳಿಲ್ಲ. ಗುರುಗಳು ಎಲ್ಲರಿಗೂ ಮಾಡಿದ ಹಾಗೆ ನನಗೂ ಕೈಯೆತ್ತಿ ಹರಸಿದರು. ಸಾಲಿನಲ್ಲಿ ಹಿಂದಿದ್ದ ಒಬ್ಬರು ಮಾತ್ರ ಆಮೇಲೆ ಬಂದು, ಒಂದು ಸಲ ಬಿದ್ದು ನೋಡಿ, ಮನಸ್ಸು ತಾನಾಗಿ ಬರುತ್ತೆ ಅಂದರು. ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮೈ ಬಾಗಿ ಬಾಗಿಯೇ ಮನಸ್ಸು ಹದಕ್ಕೆ ಬಂದವರು ಇದ್ದಾರೆ, ನನ್ನ ಅಕ್ಕನೇ ಹಾಗೆ. ನನ್ನ ದಾರಿ ಅದಲ್ಲ ಅಂತ ಅವರಿಗೆ ಹೇಳಿದೆ. ಅವರು ನಕ್ಕು ಹೋದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಇನ್ನು ಪ್ರಶ್ನೆ. ಗುರುಗಳನ್ನು ಪ್ರಶ್ನೆ ಮಾಡಬಾರದು ಅಂತ ಅನೇಕ ಭಕ್ತರು ಹೇಳುತ್ತಾರೆ, ಅವರು ಯಾವ ಆಧಾರದ ಮೇಲೆ ಹೇಳುತ್ತಾರೋ ನನಗೆ ಅರ್ಥವಾಗುವುದಿಲ್ಲ. ನಮ್ಮ ಉಪನಿಷತ್ತುಗಳನ್ನು ತೆಗೆದು ನೋಡಿ, ಪುಟಪುಟದಲ್ಲೂ ಪ್ರಶ್ನೆಗಳೇ. ಕಠೋಪನಿಷತ್ತಿನ ನಚಿಕೇತ ಇನ್ನೂ ಹುಡುಗ, ಸಾವಿನ ಆಮೇಲೆ ಏನು ಅಂತ ಯಮನನ್ನೇ ಕೇಳುತ್ತಾನೆ. ಯಮ ಚಿನ್ನ, ಆನೆ, ಕುದುರೆ, ದೀರ್ಘಾಯುಸ್ಸು ಎಲ್ಲ ಕೊಡುತ್ತೇನೆ, ಇದೊಂದು ಕೇಳಬೇಡ ಅಂದರೂ ಬಿಡುವುದಿಲ್ಲ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಹೆಂಡತಿ ಮೈತ್ರೇಯಿಗೆ ಆತ್ಮವನ್ನು ಕೇಳಿ ತಿಳಿಯಬೇಕು, ಮನನ ಮಾಡಬೇಕು, ನಿದಿಧ್ಯಾಸನ, ಅಂದರೆ ಆಳವಾದ ಧ್ಯಾನ ಮಾಡಬೇಕು ಎನ್ನುತ್ತಾರೆ. ನಡುವಿನ ಆ ಮನನ ಅಂದರೆ ಕೇಳಿದ್ದನ್ನು ತರ್ಕಕ್ಕೆ ಹಚ್ಚಿ, ಅನುಮಾನವನ್ನೆಲ್ಲ ಹೊರಗೆ ತೆಗೆದು, ಒಂದೊಂದಾಗಿ ಬಿಡಿಸಿಕೊಳ್ಳುವ ಕೆಲಸ. ಕೇಳಿದ ತಕ್ಷಣ ಕಣ್ಣು ಮುಚ್ಚಿ ಧ್ಯಾನಕ್ಕೆ ಹಾರಿ ಅಂತ ಅವರು ಹೇಳಲಿಲ್ಲ.

ಈ ವಿಷಯದಲ್ಲಿ ನನಗೆ ತುಂಬ ಹತ್ತಿರದವರು ನರೇಂದ್ರ, ಅಂದರೆ ಮುಂದೆ ವಿವೇಕಾನಂದರಾದವರು. ಮೊದಲ ಸಲ ಕಲ್ಕತ್ತೆಯ ಹತ್ತಿರದ ದಕ್ಷಿಣೇಶ್ವರದ ಕಾಳಿ ದೇವಸ್ಥಾನಕ್ಕೆ ಹೋದಾಗ ಅವರು ಬ್ರಾಹ್ಮಸಮಾಜದ ಹುಡುಗ, ಮೂರ್ತಿಪೂಜೆ ಒಪ್ಪುತ್ತಿರಲಿಲ್ಲ. ರಾಮಕೃಷ್ಣ ಪರಮಹಂಸರನ್ನು ನೇರವಾಗಿ ಕೇಳಿದರು, ನೀವು ದೇವರನ್ನು ನೋಡಿದ್ದೀರಾ ಅಂತ. ಪರಮಹಂಸರಿಗೆ ಹಣ ಮುಟ್ಟಿದರೆ ಆಗುವುದಿಲ್ಲ ಅನ್ನುವುದು ನಿಜವಾ ಅಂತ ನೋಡಲು, ಅವರಿಲ್ಲದಾಗ ಹಾಸಿಗೆಯ ಕೆಳಗೆ ಒಂದು ರೂಪಾಯಿ ನಾಣ್ಯ ಇಟ್ಟರು. ಪರಮಹಂಸರು ಬಂದು ಕೂತವರು ಚೇಳು ಕುಟುಕಿದ ಹಾಗೆ ಎದ್ದರಂತೆ. ನರೇಂದ್ರ ಪರೀಕ್ಷೆ ಮಾಡಿದ್ದು ಅಂತ ಗೊತ್ತಾದಾಗ ಅವರು ಸಿಟ್ಟಾಗಲಿಲ್ಲ. ನಾಣ್ಯವನ್ನು ಚಿನಿವಾರರು ಪರೀಕ್ಷೆ ಮಾಡುವ ಹಾಗೆ ನನ್ನನ್ನು ಪರೀಕ್ಷೆ ಮಾಡಿ ನೋಡು ಅಂತ ಅವರೇ ಹೇಳುತ್ತಿದ್ದವರು. ನರೇಂದ್ರ ಕಾಳಿಯನ್ನು ಒಪ್ಪಿಕೊಳ್ಳಲು ವರ್ಷಗಳೇ ಹಿಡಿದವು. ಅಪ್ಪ ತೀರಿಕೊಂಡು, ಮನೆಯವರಿಗೆ ಹೊಟ್ಟೆಗಿಲ್ಲದ ಸ್ಥಿತಿ ಬಂದು, ಆ ನೋವಿನಲ್ಲಿ ಕಾಳಿಯ ಮುಂದೆ ಹೋಗಿ ನಿಂತ ಮೇಲೆ ಅದು ಆದದ್ದು. ಅಲ್ಲಿಯವರೆಗೆ ಆ ಗುರು ಕಾದರು. ನನಗೆ ಈ ಕಥೆಯಲ್ಲಿ ಕಣ್ಣೀರು ತರಿಸುವುದು ಶಿಷ್ಯನ ಧೈರ್ಯಕ್ಕಿಂತ ಜಾಸ್ತಿ ಗುರುವಿನ ಆ ತಾಳ್ಮೆ. ಒಪ್ಪದ ಹುಡುಗ ಕೆಲವು ದಿನ ಬರದಿದ್ದರೆ ಅವನಿಗಾಗಿ ಅಳುತ್ತಿದ್ದರಂತೆ.

ಶಿಬಿರದಲ್ಲಿ ಪ್ರಶ್ನೋತ್ತರದ ಹೊತ್ತಿನಲ್ಲಿ ನಾನೂ ಕೈ ಎತ್ತಿದೆ. ನಾನು ನಿಮ್ಮ ಶಿಷ್ಯೆಯಲ್ಲ, ಆಗುತ್ತೇನೋ ಇಲ್ಲವೋ ಗೊತ್ತಿಲ್ಲ, ಇಲ್ಲಿ ಮಾಡುವ ಧ್ಯಾನ ನನಗೂ ಫಲ ಕೊಡುತ್ತದಾ ಅಂತ ಕೇಳಿದೆ. ಸಭೆಯಲ್ಲಿ ಸ್ವಲ್ಪ ಗುಸುಗುಸು ಆಯಿತು. ಗುರುಗಳು ಅವಸರ ಮಾಡದೆ ಹೇಳಿದರು, ಉಸಿರನ್ನು ಗಮನಿಸೋದಕ್ಕೆ ನನ್ನನ್ನು ನಂಬಬೇಕಾಗಿಲ್ಲಮ್ಮ, ಮಾಡಿ ನೋಡಿ, ಆದರೆ ಮಂತ್ರದೀಕ್ಷೆಗೆ ಸುಮ್ನೆ ಕೂರಬೇಡಿ, ಅದಕ್ಕೆ ಶ್ರದ್ಧೆ ಬೇಕು. ಅಷ್ಟೇ. ನನಗೆ ಆ ಉತ್ತರದ ಮೇಲೆ ಗೌರವ ಬಂತು. ಏನು ನನ್ನದು, ಏನು ನನ್ನದಲ್ಲ ಅಂತ ಗೆರೆ ಹಾಕಿ ತೋರಿಸಿಬಿಟ್ಟರು.

ದೀಕ್ಷೆಯ ದಿನ ಅದಕ್ಕೇ ಹೊರಗೆ ಉಳಿದೆ. ಒಳಗೆ ಕರೆದವರು ಇದ್ದರು, ಇಷ್ಟು ದೂರ ಬಂದು ಬಿಡ್ತೀರಾ, ಇಂಥ ಯೋಗ ಎಲ್ಲರಿಗೂ ಸಿಗುತ್ತಾ ಎಂದರು. ಆದರೆ ದೀಕ್ಷೆ ಎರಡೂ ಕಡೆಯ ಮಾತು. ಗುರು ಮಂತ್ರ ಕೊಡುತ್ತಾರೆ, ಶಿಷ್ಯ ದಿನವೂ ಜಪ ಮಾಡುತ್ತೇನೆ, ಅದನ್ನು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡುತ್ತಾನೆ. ಅಕ್ಕ ಜ್ವರ ಬಂದ ದಿನವೂ ಎದ್ದು ಕೂತು 108 ಮಣಿ ಎಣಿಸುವುದನ್ನು ನೋಡಿದ್ದೇನೆ. ಮಾಲೆಯ ತುದಿಯ ಮೇರುಮಣಿ ಬಂದಾಗ ದಾಟದೆ ಮಾಲೆ ತಿರುಗಿಸಿಕೊಂಡು ಮತ್ತೆ ಶುರು ಮಾಡುತ್ತಾಳೆ. ಅವಳು ಹೀಗೆ ಕಾಪಾಡಿಕೊಂಡು ಬಂದದ್ದನ್ನು ನಾನು ಕುತೂಹಲಕ್ಕೆ ಹೋಗಿ ಕೈ ಚಾಚಿ ತೆಗೆದುಕೊಳ್ಳುವುದು ತಪ್ಪು. ಭಕ್ತರಲ್ಲದೆ ಶಿಬಿರಕ್ಕೆ ಹೋಗುವವರಿಗೆ ನಾನು ಒಂದೇ ಒಂದು ಮಾತು ಹೇಳುವುದಾದರೆ ಇದನ್ನೇ ಹೇಳುತ್ತೇನೆ. ಧ್ಯಾನಕ್ಕೆ ಕೂರಿ, ಭಜನೆ ಹಾಡಿ, ಪ್ರವಚನ ಕೇಳಿ, ದೀಕ್ಷೆ ಮಾತ್ರ ಮನಸ್ಸು ಪೂರ್ತಿ ಒಪ್ಪುವ ತನಕ ಬೇಡ. ದೀಕ್ಷೆ ಇಲ್ಲದಿದ್ದರೆ ಏನೂ ಆಗದು ಅಂತಲೂ ಇಲ್ಲ. ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳು ವಿಧಿ ಪ್ರಕಾರ ಯಾರಿಗೂ ದೀಕ್ಷೆ ಕೊಡುತ್ತಿರಲಿಲ್ಲ. ಬಂದವರು ಅವರ ಎದುರು ಕೂರುತ್ತಿದ್ದರು, ಅಷ್ಟೇ, ಎಷ್ಟೋ ಜನರಿಗೆ ಅದೇ ಸಾಕಾಗಿತ್ತು.

ಸೇವೆಯಲ್ಲಿ ನನಗೆ ಸಿಕ್ಕಿದ್ದು ಸಭಾಂಗಣ ಗುಡಿಸಿ ಜಮಖಾನೆ ಹಾಸುವ ಕೆಲಸ. ಜೊತೆಗಿದ್ದವರು ವಯಸ್ಸಾದ ಒಬ್ಬ ಅಮ್ಮ. ಮಗ ತೀರಿಕೊಂಡ ಮೇಲೆ ಇಲ್ಲಿಗೆ ಬರಲು ಶುರು ಮಾಡಿದರಂತೆ. ಗುರುಗಳು ಕನಸಿನಲ್ಲಿ ಬಂದು ಮಗ ಚೆನ್ನಾಗಿದ್ದಾನೆ ಅಂದರು ಎಂದು ನನಗೆ ಹೇಳಿದರು. ಅದು ನಿಜವಾ ಅಂತ ಯೋಚಿಸುವ ಹೊತ್ತು ಅದಾಗಿರಲಿಲ್ಲ. ಜಮಖಾನೆಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ಅವರು ಹೇಳುತ್ತಿದ್ದರು, ನಾನು ಕೇಳುತ್ತಿದ್ದೆ. ಒಂದು ಸುಕ್ಕು ಇದ್ದರೂ ಬಿಡುತ್ತಿರಲಿಲ್ಲ, ಮತ್ತೆ ಎಳೆದು ಸರಿ ಮಾಡಿಸುತ್ತಿದ್ದರು, ಕೂರುವವರಿಗೆ ಚುಚ್ಚಬಾರದು ನೋಡಿ ಅಂತ. ಭಾಗವತದ ಹನ್ನೊಂದನೇ ಸ್ಕಂಧದಲ್ಲಿ ಅವಧೂತ ತನಗೆ 24 ಗುರುಗಳು ಎನ್ನುತ್ತಾನೆ, ಭೂಮಿ, ಗಾಳಿ, ಜೇನು, ಹೆಬ್ಬಾವು, ಪಿಂಗಳೆ ಅನ್ನುವ ವೇಶ್ಯೆ, ಬಾಣ ಮಾಡುವವನು. ಅವರಲ್ಲಿ ಯಾರೂ ಅವನನ್ನು ಶಿಷ್ಯ ಅಂತ ಸ್ವೀಕರಿಸಿರಲಿಲ್ಲ. ಆ ಬಾಣ ಮಾಡುವವನಿಗೆ ತನ್ನ ಕೆಲಸದಲ್ಲಿ ಮುಳುಗಿ ರಾಜನ ಮೆರವಣಿಗೆ ಪಕ್ಕದಲ್ಲೇ ಹೋದದ್ದೂ ತಿಳಿಯಲಿಲ್ಲವಂತೆ. ಆ ಅಮ್ಮನ ಕೆಲಸದಲ್ಲಿ ನಾನು ಅದನ್ನೇ ಕಂಡೆ. ಪೀಠದ ಮೇಲಿದ್ದವರ ಮುಂದೆ ಬಗ್ಗದ ನನ್ನ ಮನಸ್ಸು ಅವರ ಮುಂದೆ ತಾನಾಗಿ ಬಗ್ಗಿತು. ಹೊರಡುವ ದಿನ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಎಲ್ಲ ಶಿಬಿರವೂ ಹೀಗಿರುತ್ತದೆ ಅಂತ ನಾನು ಹೇಳಲಾರೆ. ಶಿಷ್ಯರ ದುಡ್ಡು ಕಳೆಯುವ ಗುರುಗಳು ಬಹಳ, ಶಿಷ್ಯರ ಎದೆಯ ತಾಪ ಕಳೆಯುವ ಗುರು ಸಿಗುವುದು ಅಪರೂಪ ಅಂತ ಗುರುಗೀತೆಯೇ ಹೇಳಿದೆ, ಗುರುವಿನ ಮಹಿಮೆ ಹಾಡುವ ಗ್ರಂಥವೇ ಹೇಳಿದೆ ಅಂದರೆ ಈ ಕಾಟ ಇವತ್ತಿನದಲ್ಲ. ಔಷಧಿ ನಿಲ್ಲಿಸಿ ಎನ್ನುವ ಕಡೆ, ಮನೆಯವರ ಜೊತೆ ಮಾತು ಬಿಡಿ ಎನ್ನುವ ಕಡೆ, ಕೇಳಿದವರ ಬಾಯಿ ಮುಚ್ಚಿಸುವ ಕಡೆ, ಬಾಗಿಲು ಹಾಕಿಕೊಂಡು ಒಬ್ಬರನ್ನೇ ಒಳಗೆ ಕರೆಯುವ ಕಡೆ ಒಂದು ಕ್ಷಣವೂ ಇರಬೇಡಿ. ಎದ್ದು ಬಂದುಬಿಡಿ. ಅದರಿಂದ ಯಾವ ದೋಷವೂ ಬರುವುದಿಲ್ಲ.

ವಾಪಸ್ ಬರುವಾಗ ಅಕ್ಕ ಏನೂ ಕೇಳಲಿಲ್ಲ, ನಿನಗೆ ಏನನ್ನಿಸಿತು, ಮುಂದೆ ದೀಕ್ಷೆ ತಗೋತೀಯಾ, ಯಾವುದೂ ಇಲ್ಲ. ಆಮೇಲೆ ಒಂದು ದಿನ ಫೋನ್ ಮಾಡಿ ಗುರುಪೂರ್ಣಿಮೆಯ ಹೊತ್ತಿಗೆ ಮತ್ತೆ ಶಿಬಿರ ಇದೆ, ಬರ್ತೀಯಾ ಅಂದಳು. ಆಷಾಢ ಹುಣ್ಣಿಮೆ, ವ್ಯಾಸರ ಹೆಸರಿನ ಹಬ್ಬ, ಅವತ್ತು ಜನ ತುಂಬ ಜಾಸ್ತಿ ಬರುತ್ತಾರೆ. ಬರ್ತೀನಿ ಅಂದೆ. ದೀಕ್ಷೆ ನಡೆಯುವಾಗ ಹೊರಗೆ ಚಪ್ಪಲಿ ನೋಡಿಕೊಳ್ಳಲು ಜನ ಬೇಕಾಗುತ್ತಾರಂತೆ, ಆ ಸೇವೆಗೆ ನನ್ನ ಹೆಸರು ಬರೆಸು ಅಂತಲೂ ಹೇಳಿದೆ.