‘ನಿಮ್ಮನ್ಯಾಕ ಸಾಯಿಸಿದ್ರು?’

ಧಾರವಾಡದ ಸೂಪರ್ ಮಾರ್ಕೆಟ್‌ನಲ್ಲಿ ಮೆಂತೆ ಪಲ್ಯ ಆರಿಸುವಾಗ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಬರ್ತ್ ಹುಡುಕುವಾಗ, ಬೀಗರ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗ, ಎಲ್ಲೇ ಇರಲಿ, ನನ್ನ ಧಾರಾವಾಹಿ ನೋಡಿದವರು ಕೇಳುವುದು ಇದನ್ನೇ: “ಅಲ್ರಿ ಸರ, ಪಾರ್ಟು ಛಲೋ ನಡದಿತ್ತಲ್ಲ, ನಿಮ್ಮನ್ಯಾಕ ಸಾಯಿಸಿದ್ರು?”

ಕಥೆಗೆ ಬೇಕಿತ್ತು ಅಂದು ಪಾರಾಗಬಹುದು. ಖರೆ ಅಂದರೆ ಕಥೆಗೂ ನನ್ನ ಸಾವಿಗೂ ಸಂಬಂಧವೇ ಇರಲಿಲ್ಲ.

ನಮ್ಮಂಥ ಪೋಷಕ ನಟರದು ದಿನದ ಲೆಕ್ಕ. ಕರೆದ ದಿನ ಹೋಗಿ ಬಣ್ಣ ಹಚ್ಚಿದರೆ ದುಡ್ಡು, ಅದೂ ತಿಂಗಳೆರಡು ತಿಂಗಳು ಕಳೆದ ಮೇಲೆ. ಅರ್ಧ ತಾಸಿನ ಧಾರಾವಾಹಿಯಲ್ಲಿ ಜಾಹೀರಾತು ಕಳೆದರೆ ಉಳಿಯುವುದು 22 ನಿಮಿಷದ ಆಸುಪಾಸು. ಅಷ್ಟರಲ್ಲೇ ಅಜ್ಜಿ, ಇಬ್ಬರು ಚಿಕ್ಕಪ್ಪಂದಿರು, ಮುನಿಸಿಕೊಂಡು ಬಂದ ಸೋದರತ್ತೆ, ಎಲ್ಲರೂ ಹಾಲ್‌ನಲ್ಲಿ ನಿಲ್ಲಬೇಕು; ನಿಂತವರಿಗೆಲ್ಲ ಆ ದಿನದ ಹಣ ಕೊಡಬೇಕು. ನನ್ನ ಕೆಲಸ ಸೋಫಾದ ಹಿಂದೆ ನಿಂತು ಗಾಬರಿಯಾಗುವುದು. ಯಾವ ಧಾರಾವಾಹಿಯನ್ನು ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯ ರೇಟಿಂಗ್ ಪ್ರತಿ ಗುರುವಾರ ಬರುತ್ತದೆ. ಇಳಿದರೆ ಮೊದಲು ಕಥೆಗೆ ತಿರುವು ಕೊಡುತ್ತಾರೆ, ಆಮೇಲೆ ಖರ್ಚಿನ ಪಟ್ಟಿ ತೆಗೆಯುತ್ತಾರೆ. ಪಟ್ಟಿ ಹಿಡಿದು ಕೂತವರ ಕಣ್ಣಿಗೆ ಮೊದಲು ಬೀಳುವವನು ಸೋಫಾದ ಹಿಂದೆ ನಿಂತವನು.

ಹೋಗುವುದರಲ್ಲೂ ದರ್ಜೆ ಇದೆ. ನಾಯಕಿ ಬಿಟ್ಟು ಹೋದರೆ ‘ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು’ ಅಂತ ಪರದೆ ಮೇಲೆ ಹಾಕಿ ಬೇರೆಯವರನ್ನು ತರುತ್ತಾರೆ. ಮುಂದೆ ಬೇಕಾದಾರು ಅನಿಸಿದವರು ಕಾಶಿಗೋ ಅಮೆರಿಕಕ್ಕೋ ಹೋಗುತ್ತಾರೆ. ಕೋಮಾ ದುಬಾರಿ, ಕಣ್ಣು ಮುಚ್ಚಿ ಮಲಗಿದವನಿಗೂ ದಿನದ ಹಣ ಎಣಿಸಲೇಬೇಕು. ನನ್ನ ಪಾಲಿಗೆ ಬಂದದ್ದು ಫೋಟೋ. ಮೇಕಪ್ ಮಾಡಿ, ಶಲ್ಯ ಹೊದಿಸಿ, ಶೂಟಿಂಗ್ ಮನೆಯ ಹಿತ್ತಲ ಗೋಡೆಗೆ ನಿಲ್ಲಿಸಿ ಮೊಬೈಲ್‌ನಲ್ಲೇ ತೆಗೆದರು. “ಸಾರ್, ಸ್ವಲ್ಪ ನಗಿ… ಅಷ್ಟೊಂದು ಬೇಡ” ಅಂದ ಅಸಿಸ್ಟೆಂಟ್ ಹುಡುಗ. ಮರುದಿನ ಅದಕ್ಕೆ ಗಂಧದ ಹಾರ. ಸೊಸೆ ಅದರ ಮುಂದೆ ಅತ್ತಳು, ಶಪಥ ಮಾಡಿದಳು, ಒಮ್ಮೆ ಗಾಳಿಗೆ ಹಾರ ಕೆಳಗೂ ಬಿತ್ತು. ನನಗಿಂತ ನನ್ನ ಫೋಟೋಕ್ಕೇ ಸೀನ್ ಜಾಸ್ತಿ. ಫೋಟೋಕ್ಕೆ ಪೇಮೆಂಟ್ ಇಲ್ಲ.

ಗರುಡ ಸದಾಶಿವರಾಯರು ಗದಗದಲ್ಲಿ ದತ್ತಾತ್ರೇಯ ನಾಟಕ ಮಂಡಳಿ ಕಟ್ಟಿ ಬೆಳೆಸಿದ ನಾಡು ನಮ್ಮದು. ಕಂಪನಿ ನಾಟಕದ ಕಾಲದಲ್ಲಿ ಸತ್ತು ಬಿದ್ದವನೂ ‘ಒನ್ಸ್ ಮೋರ್’ ಕೂಗಿಗೆ ಎದ್ದು ಹಾಡಿ, ಮತ್ತೆ ಸಾಯುತ್ತಿದ್ದ ಅಂತ ಹಿರಿಯರು ಹೇಳಿ ನಗುತ್ತಿದ್ದರು. ಕೊನೆಯ ಸಾಲಿಗೂ ಕೇಳುವಂತೆ ಮಾತಾಡು ಅಂತ ನನಗೆ ಕಲಿಸಿದವರೂ ಅವರೇ. ಸೆಟ್‌ನಲ್ಲಿ ಹಾಗೆ ಬಾಯಿ ತೆರೆದರೆ “ಸಾರ್, ನಾಟಕ ಬೇಡ” ಅನ್ನುತ್ತಾರೆ.

ಕಾಮಿಡಿ ಪಾರ್ಟು ಮಾಡಿದ್ದರೆ ಉಳಿಯುತ್ತಿದ್ದೆನೇನೋ. ನಮ್ಮ ಕಡೆಯ ಮಾತು ಧಾರಾವಾಹಿಯವರಿಗೆ ಬೇಕಾಗುವುದು ನಗಿಸಲಿಕ್ಕೆ, ಇಲ್ಲವೇ ಬಡ್ಡಿ ವಸೂಲಿಗೆ ಬಂದ ಗೌಡನಿಗೆ. ವೈಶಾಲಿ ಕಾಸರವಳ್ಳಿಯವರ ‘ಮೂಡಲಮನೆ’ ಧಾರಾವಾಹಿಯಲ್ಲಿ ಇಡೀ ಮನೆತನ ಆ ಮಾತಾಡಿ ಅಳುತ್ತಿತ್ತು, ಜಗಳಾಡುತ್ತಿತ್ತು, ಅದನ್ನು ಕರ್ನಾಟಕದ ಉದ್ದಗಲಕ್ಕೂ ಜನ ನೋಡಿದರು. ಆದರೂ ನಾನು ಇವತ್ತಿಗೂ ಸೆಟ್‌ನಲ್ಲಿ ‘ಹೌದಾ ಮಗಳೇ’ ಅನ್ನುತ್ತೇನೆ. ನನ್ನ ಮಗಳಿಗೆ ಜನ್ಮದಲ್ಲಿ ಹಾಗೆ ಅಂದವನಲ್ಲ.

ಈಗ ಬೇರೆ ಧಾರಾವಾಹಿಯಲ್ಲಿ ದೊಡ್ಡಪ್ಪ. ಹೋದ ವಾರದ ಸೀನಿನಲ್ಲಿ ಎದೆ ಹಿಡಿದುಕೊಂಡು ಗುಳಿಗೆ ನುಂಗಿದ್ದೇನೆ. ಶಾಟ್ ಮುಗಿದ ಕೂಡಲೇ ಮ್ಯಾನೇಜರನ್ನು ಹಿಡಿದು ಮುಂದಿನ ತಿಂಗಳ ಡೇಟ್ಸ್ ಕೇಳಿದೆ. “ನೋಡೋಣ ಸಾರ್” ಅಂದಿದ್ದಾನೆ.